ವೀಣೆಯ ಬಿರಡೆಯಿಂದ ಕೂಡಿಸಿದ ಕ್ಯಾನ್ವಾಸ್

ಮೈಸೂರಿನ ಅಗ್ರಹಾರದ ಮನೆಯೊಂದರಿಂದ ಬಂದ ತೈಲವರ್ಣದ ಭಾವಚಿತ್ರದಲ್ಲಿ ಸುಮಾರು ಒಂಬತ್ತು ಇಂಚು ಉದ್ದದ ಹರಕಿತ್ತು. ಹಿಂಬದಿಗೆ ಪೂರ್ತಿ ಹೊಸ ಕ್ಯಾನ್ವಾಸ್ ಕೊಟ್ಟು ಜೇನುಮೇಣ ಮತ್ತು ರಾಳದಿಂದ ಅಂಟಿಸಬೇಕೆಂದೂ, ಎಳೆಗೆ ಎಳೆ ಕೂಡಿಸುವ ವಿಧಾನ ನಮ್ಮ ಆಷಾಢದ ಥಂಡಿಗೆ ನಿಲ್ಲದೆಂದೂ ಈ ಕಸುಬಿನ ಹಿರಿಯರು ಹೇಳಿದರು. ಆದರೂ ನಾನು ಎಳೆಗೆ ಎಳೆಯೇ ಕೂಡಿಸಿದೆ. ಎರಡು ಮಳೆಗಾಲ ಕಳೆದರೂ ಆ ಕೂಡಿಕೆ ಎಲ್ಲಿಯೂ ಬಾಯಿಬಿಟ್ಟಿಲ್ಲ.

ಮೇಣವನ್ನು ನಾನು ಒಪ್ಪಲಿಲ್ಲ. ಅದು ಒಮ್ಮೆ ಬಣ್ಣದ ಅಡಿಯ ತಳಲೇಪಕ್ಕೆ ಇಳಿದರೆ ಪೂರ್ತಿ ಹೊರತೆಗೆಯಲಾಗದು, ಬಣ್ಣ ತೆಳುವಾದ ಕಡೆ ಚಿತ್ರ ಕಪ್ಪಿಡುತ್ತದೆ, ಮುಂದೆ ನೀರಿನ ಅಂಟು ಯಾವುದೂ ಅಲ್ಲಿ ಹಿಡಿಯುವುದಿಲ್ಲ.

ಹಣವೂ ಸಮಯವೂ ಹೆಚ್ಚು ಹೋದದ್ದು ಅಂಟಿನ ಪರೀಕ್ಷೆಗೆ. ಬೇಡವಾದ ಹಳೆಯ ಕ್ಯಾನ್ವಾಸ್ ತುಂಡುಗಳ ಮೇಲೆ ಹಚ್ಚಿ ನೋಡಿದಾಗ ಮೈದಾ ಅಂಟಿಗೆ ಜುಲೈನಲ್ಲಿ ಬೂಷ್ಟು ಹಿಡಿಯಿತು. ಬರಿಯ ಮೀನಂಟು ಮಾರ್ಚ್‌ನ ಒಣಹವೆಗೆ ಪಟ್ಟೆಂದು ಬಿಟ್ಟುಕೊಂಡಿತು. ಬಡಗಿಗಳ ಬಿಳಿ ಅಂಟು ಗಟ್ಟಿಯಾಗಿ ನಿಂತರೂ ಬೇಕಾದಾಗ ಬಿಡಿಸಲು ಬರಲಿಲ್ಲ. ಕೊನೆಗೆ ಜರ್ಮನಿಯ ಚಿತ್ರ ಸಂರಕ್ಷಕ ವಿನ್‌ಫ್ರೀಡ್ ಹೈಬರ್ ತೋರಿಸಿದ ದಾರಿಯಲ್ಲಿ ಸ್ಟರ್ಜನ್ ಮೀನಿನ ಅಂಟಿಗೆ ಗೋಧಿಯ ಪಿಷ್ಟ ಬೆರೆಸಿದೆ. ಮೈಸೂರಿನ ಹವೆಗೆ ಹೊಂದಿದ ನನ್ನ ಪ್ರಮಾಣವನ್ನು ಇಲ್ಲಿ ಬರೆಯುವುದಿಲ್ಲ. ಅದಕ್ಕೆ ಒಂದು ವರ್ಷವೇ ಹಿಡಿದಿದೆ.

ಹರಕಿನ ಅಂಚುಗಳು ದಶಕಗಳ ಎಳೆತದಿಂದ ಐದಾರು ಮಿಲಿಮೀಟರ್ ದೂರ ಸರಿದಿದ್ದವು, ಒಮ್ಮೆಲೇ ಎಳೆದರೆ ಸುತ್ತಲೂ ಸುಕ್ಕು ಬೀಳುತ್ತಿತ್ತು. ಇದಕ್ಕೆಂದೇ ಇರುವ ವಿದೇಶಿ ಸಲಕರಣೆ ತರಿಸುವಷ್ಟು ಹಣವಿರಲಿಲ್ಲವಾದ್ದರಿಂದ, ತೇಗದ ಚೌಕಟ್ಟಿಗೆ ಎಂಟು ವೀಣೆಯ ಬಿರಡೆಗಳನ್ನು ಕೂರಿಸಿ, ಹರಕಿನ ಎರಡೂ ಬದಿಗೆ ಬಿಸಿಗೆ ಅಂಟುವ ಬೇವಾ ಫಿಲ್ಮ್‌ನಿಂದ ಅಂಟಿಸಿದ ಜಪಾನಿ ಕಾಗದದ ಪಟ್ಟಿಗಳಿಗೆ ದಾರ ಕಟ್ಟಿ, ಆ ದಾರಗಳನ್ನು ಬಿರಡೆಗಳಿಗೆ ಸುತ್ತಿದೆ. ನಿಲ್ಲಿಸಿದಲ್ಲಿ ಕಚ್ಚಿ ನಿಲ್ಲುವುದೇ ಬಿರಡೆಯ ಗುಣ. ಅಂಚಿಗೆ ತುಸು ತೇವ ಕೊಟ್ಟು ದಿನಕ್ಕೆ ಕಾಲು ಸುತ್ತಿಗಿಂತಲೂ ಕಡಿಮೆ ತಿರುಗಿಸುತ್ತ ಬಂದೆ. ಸುಮಾರು ಮೂರು ವಾರಗಳಲ್ಲಿ ಅಂಚುಗಳು ಸುಕ್ಕಿಲ್ಲದೆ ಕೂಡಿದವು. ಬೇಸಿಗೆಯಲ್ಲಿ ಬಿರಡೆ ಜಾರತೊಡಗಿದರೆ ಸೀಮೆಸುಣ್ಣ ಸವರಿದರೆ ಸಾಕು. ಆಮೇಲಿನದು ಸೂಕ್ಷ್ಮದರ್ಶಕದ ಕೆಳಗೆ ದಂತವೈದ್ಯರ ಸಲಾಕೆ ಹಿಡಿದು ಹಾಸು ಹೊಕ್ಕುಗಳನ್ನು ಒಂದೊಂದಾಗಿ ಕೂಡಿಸುವ ಕೆಲಸ.

ಈ ನಡುವೆ ದೀಪದ ಮಸಿ ತೆಗೆಯಲು ಒಂದು ಮೂಲೆಯಲ್ಲಿ ಎಂಜಲನ್ನೂ ಪಕ್ಕದಲ್ಲಿ ಟ್ರೈ ಅಮೋನಿಯಂ ಸಿಟ್ರೇಟ್ ಎಂಬ ಲವಣದ ಶೇಕಡಾ 2ರ ದ್ರಾವಣವನ್ನೂ ಹತ್ತಿಯಲ್ಲಿ ಪ್ರಯೋಗಿಸಿದೆ. ಎರಡೂ ಮಸಿ ಎತ್ತಿದವು, ಆದರೆ ಹಳೆಯ ಕುಂಕುಮದ ಕಲೆಗೆ ಎರಡೂ ಸೋತವು.

ಅಂಟು, ಕಾಗದ, ಫಿಲ್ಮ್‌ಗೆ ಏಳು ಸಾವಿರ ರೂಪಾಯಿ, ಚೌಕಟ್ಟಿಗೆ ಮೂರು ಸಾವಿರ ಹಿಡಿದಿರಬಹುದು. ಮೇಣದ ಕೆಲಸಕ್ಕೆ ಬೇರೊಬ್ಬರು 35,000 ಕೇಳಿದ್ದರು, ನಾನು 30,000 ಪಡೆದೆ. ಚಿತ್ರದ ಮೇಲಿನ ಎರಡು ತಿಂಗಳ ದುಡಿಮೆಗೆ ಅದು ಕಡಿಮೆಯೇ, ಆದರೆ ಚೌಕಟ್ಟು ಉಳಿದಿದೆ ಮತ್ತು ಅನಂತರ ಬಂದ ಚಿಕ್ಕ ಹರಕುಗಳು ಒಂದೊಂದು ವಾರದಲ್ಲಿ ಮುಗಿದಿವೆ. ಬೆರಳಲ್ಲಿ ಉಜ್ಜಿದರೆ ಪುಡಿಯಾಗುವಷ್ಟು ಸತ್ವಗುಂದಿದ ಕ್ಯಾನ್ವಾಸಿಗೆ ಮಾತ್ರ ಇದನ್ನು ಪ್ರಯತ್ನಿಸಬೇಡಿ. ಅಲ್ಲಿ ಹಿಂಬದಿಗೆ ಪೂರ್ತಿ ಬಟ್ಟೆ ಕೊಡದೆ ಬೇರೆ ದಾರಿಯಿಲ್ಲ.