4,000 ಅಡಿಯಲ್ಲಿ ಕುಳಿತ ಅರ್ಧ ಗಂಟೆ

ಕ್ಯಾಲಿಫೋರ್ನಿಯಾದ ಪಾಮ್ ಸ್ಪ್ರಿಂಗ್ಸ್‌ನಲ್ಲಿ, ಕಲಾ ಮ್ಯೂಸಿಯಂ ಹತ್ತಿರ ಸ್ಕೈಲೈನ್ ಟ್ರೇಲ್ ಎಂಬ ಬೆಟ್ಟದ ಕಾಲುದಾರಿ ಶುರುವಾಗುತ್ತದೆ. ಅಲ್ಲಿ ಎತ್ತರ ಸುಮಾರು 500 ಅಡಿ. ದಾರಿ ಮುಗಿಯುವ, ಮೇಲಿನ ಲಾಂಗ್ ವ್ಯಾಲಿ 8,400 ಅಡಿ. ಸುಮಾರು 16 ಕಿಲೋಮೀಟರ್ ಏರು, ನಡುವೆ ಎಲ್ಲೂ ನೀರಿಲ್ಲ. ಬೇಸಿಗೆಯಲ್ಲಿ ಬಿಸಿಲಿಗೆ ಇಲ್ಲಿ ಜನ ಸತ್ತಿದ್ದಾರೆ. ಚಳಿಗಾಲದಲ್ಲಿ ಮೇಲಿನ ಇಳಿಜಾರಿನಲ್ಲಿ ಮಂಜುಗಡ್ಡೆ. ಹಾಗಾಗಿ ನಾನೂ ಗೆಳೆಯನೂ ಅಕ್ಟೋಬರ್ ಕೊನೆಯಲ್ಲಿ ಹೋದೆವು.

ಒಬ್ಬೊಬ್ಬರ ಬೆನ್ನಿಗೆ ಆರು ಲೀಟರ್ ನೀರು. ಜೊತೆಗೆ ಉಪ್ಪು ಹಾಕಿದ ಕಡಲೆಬೀಜ, ಓಆರ್‌ಎಸ್ ಪುಡಿ. ಬರೀ ನೀರು ಕುಡಿಯುತ್ತಾ ಹೋದರೆ ಬೆವರಲ್ಲಿ ಹೋದ ಉಪ್ಪು ವಾಪಸ್ ಬರುವುದಿಲ್ಲ, ಅಲ್ವಾ? ಹೊರಡುವ ಮೊದಲೇ ಒಂದು ಮಾತು ಆಡಿಕೊಂಡಿದ್ದೆವು. 4,000 ಅಡಿಯಲ್ಲಿ ಕೂರಬೇಕು. ಇಬ್ಬರಲ್ಲಿ ಯಾರು ‘ಬೇಡ’ ಎಂದರೂ ವಾಪಸ್. ಯಾಕೆ ಎಂದು ಕೇಳುವಂತಿಲ್ಲ.

ರಾತ್ರಿ ಎರಡಕ್ಕೆ ಹೆಡ್‌ಲ್ಯಾಂಪ್ ಬೆಳಕಲ್ಲಿ ಹೊರಟೆವು. ಕತ್ತಲಲ್ಲಿ ಕಾಲುದಾರಿ ಎರಡು ಸಲ ತಪ್ಪಿತು. ಸುತ್ತ ಕಳ್ಳಿ ಮುಳ್ಳು. ಈ ಬೆಟ್ಟದ ಮುಖ ಪೂರ್ವಕ್ಕೆ, ಹುಟ್ಟಿದ ಸೂರ್ಯ ನೇರ ಮೈಮೇಲೇ ಬರುತ್ತಾನೆ. ಏಳೂವರೆಗೆಲ್ಲ ಅಂಗಿ ಒದ್ದೆ.

4,000 ಅಡಿಯಲ್ಲಿ ಬ್ಯಾಗ್ ಬಿಚ್ಚಿ ನೋಡಿದೆ. ನಾನು ಎರಡು ಲೀಟರ್ ಮುಗಿಸಿದ್ದೆ, ಅವನು ಮುಕ್ಕಾಲು ಲೀಟರೂ ಕುಡಿದಿರಲಿಲ್ಲ!

"ಮೇಲಕ್ಕೆ ಬೇಕಾಗುತ್ತೆ ಅಂತ ಉಳಿಸಿದ್ದೆ ಕಣೋ" ಎಂದ. ಒಂದು ಗಂಟೆಯಿಂದ ಅವನು ಯಾಕೆ ಮಾತಾಡುತ್ತಿಲ್ಲ ಎಂದು ಆಗ ಹೊಳೆಯಿತು. ನಾನು ಮೊದಲೇ ಗಮನಿಸಬೇಕಿತ್ತು. ಬಾಟಲಿಯಲ್ಲಿ ಉಳಿಸಿದ ನೀರು ಮೈಗೆ ಬರುವುದಿಲ್ಲ.

ಅಲ್ಲೇ ಬಂಡೆಯ ನೆರಳಲ್ಲಿ ಅರ್ಧ ಗಂಟೆ ಕೂರಿಸಿದೆ. ಓಆರ್‌ಎಸ್ ಗುಟುಕು ಗುಟುಕಾಗಿ ಕುಡಿಸಿದೆ, ಕಡಲೆಬೀಜ ತಿನ್ನಿಸಿದೆ. ಇಲ್ಲಿಂದ ಮೇಲೆ ಹೋದ ಮೇಲೆ ತಿರುಗಿದರೆ ಮಧ್ಯಾಹ್ನದ ಹೊತ್ತಿಗೆ ಸುಡುವ ಬುಡಕ್ಕೇ ಇಳಿಯಬೇಕು. ಆಗ ಮೇಲೆ ಹೋಗುವುದಕ್ಕಿಂತ ವಾಪಸ್ ಬರುವುದೇ ಅಪಾಯ. ತಲೆನೋವು ಇಲ್ಲ, ತಲೆ ಸುತ್ತುತ್ತಿಲ್ಲ, ಮೂತ್ರ ಸರಿಯಾಗಿ ಆಯಿತು ಎಂದ ಮೇಲೇ ಎದ್ದೆವು.

ಕೊನೆಯ ಕಡಿದಾದ ಏರಿನಲ್ಲಿ ಅವನ ಮೀನಖಂಡ ಹಿಡಿದುಕೊಂಡಿತು. ಇಪ್ಪತ್ತು ಹೆಜ್ಜೆ, ನಿಲ್ಲು. ಮತ್ತೆ ಇಪ್ಪತ್ತು. ಲಾಂಗ್ ವ್ಯಾಲಿಯ ಪೈನ್ ಮರಗಳ ತಂಪಿಗೆ ಬಂದಾಗ ಮಧ್ಯಾಹ್ನ ಎರಡು ದಾಟಿತ್ತು.

10,834 ಅಡಿಯ ಸ್ಯಾನ್ ಹಸಿಂಟೊ ಶಿಖರ ಇನ್ನೂ ಮೇಲಿತ್ತು. "ನೀನು ಹೋಗಿ ಬಾ, ನಾನು ಕಾಯ್ತೀನಿ" ಎಂದ. ನಾನು ಹೋಗಲಿಲ್ಲ. ಇಬ್ಬರೂ ಕೇಬಲ್ ಕಾರು ಹತ್ತಿ ಇಳಿದೆವು. ಕೆಳಗೆ ಬಾಗಿಲು ತೆರೆದಾಗ ಬಿಸಿಗಾಳಿ ಮುಖಕ್ಕೆ ಹೊಡೆಯಿತು. ಅವನು ಬ್ಯಾಗಿಂದ ಉಳಿದಿದ್ದ ಅರ್ಧ ಲೀಟರ್ ತೆಗೆದು, ನನ್ನ ಮುಖ ನೋಡುತ್ತಾ ಪೂರ್ತಿ ಕುಡಿದ.