ಪ್ಯಾರಿಶ್ ಕೌನ್ಸಿಲ್ ಹೂಂ ಅಂದರೆ ಕೆಲಸ ಮುಗಿಯಲಿಲ್ಲ

ಇಂಗ್ಲೆಂಡಿನ ಶೆಫೀಲ್ಡ್‌ನ ಆಸ್ಪತ್ರೆಗಳಿಗೆ, ಯೂನಿವರ್ಸಿಟಿಗೆ ಕೆಲಸಕ್ಕೆ ಬಂದ ನಮ್ಮವರಲ್ಲಿ ಕೆಲವರಿಗೆ ನಾಲ್ಕೈದು ವರ್ಷ ಕಳೆಯುವುದರೊಳಗೆ ಹಳ್ಳಿ ಮನೆಯ ಹುಚ್ಚು ಹಿಡಿಯುತ್ತದೆ. ಪೀಕ್ ಡಿಸ್ಟ್ರಿಕ್ಟ್ ಎಂಬ ಗುಡ್ಡಗಾಡಿನ ನ್ಯಾಷನಲ್ ಪಾರ್ಕ್ ಪಕ್ಕದಲ್ಲೇ ಇದೆ. ಕಲ್ಲಿನ ಮನೆ, ಹಿತ್ತಿಲು, ಎದುರಿಗೆ ಗುಡ್ಡ. ಸಾಲ, ಸರ್ವೇ, ಸಾಲಿಸಿಟರ್ ವಿಷಯ ನಿಮಗೆ ಗೊತ್ತೇ ಇರುತ್ತದೆ, ಬಿಡಿ. ಊರನ್ನು ನಡೆಸುವವರು ಯಾರು, ಯಾವುದಕ್ಕೆ ಯಾರನ್ನು ಕೇಳಬೇಕು ಅನ್ನುವುದು ತಿಳಿಯದೆ ದುಡ್ಡು ಕಳೆದುಕೊಂಡವರನ್ನು ನೋಡಿ ನೋಡಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ. ಉದಾಹರಣೆಗೆ ಈಮ್ ಊರನ್ನೇ ತೆಗೆದುಕೊಳ್ಳೋಣ.

ಡರ್ಬಿಶೈರ್‌ನ ಈ ಸಣ್ಣ ಊರಿಗೆ 1665ರಲ್ಲಿ ಪ್ಲೇಗ್ ಬಂತು. ಲಂಡನ್‌ನಿಂದ ದರ್ಜಿಯ ಮನೆಗೆ ಬಂದ ಬಟ್ಟೆಯ ಗಂಟಿನಲ್ಲಿ ಬಂತು ಎಂದು ಹೇಳುತ್ತಾರೆ. ಮರುವರ್ಷ ಪಾದ್ರಿ ವಿಲಿಯಂ ಮಾಂಪೆಸನ್, ಹಿಂದೆ ಅಲ್ಲೇ ಪಾದ್ರಿಯಾಗಿದ್ದ ಥಾಮಸ್ ಸ್ಟ್ಯಾನ್ಲಿಯನ್ನೂ ಜೊತೆಗೆ ಸೇರಿಸಿಕೊಂಡು, ಯಾರೂ ಊರು ಬಿಟ್ಟು ಹೋಗಬಾರದೆಂದು ಜನರನ್ನು ಒಪ್ಪಿಸಿದ. ಅಕ್ಕಪಕ್ಕದ ಊರಿನವರು ಗಡಿಯಲ್ಲಿ ದವಸ ಇಟ್ಟು ಹೋಗುತ್ತಿದ್ದರು. ಈಮ್‌ನವರು ಗಡಿಕಲ್ಲಿನ ಗುಳಿಗಳಲ್ಲಿ ವಿನೆಗರ್ ಹುಯ್ದು ಅದರೊಳಗೆ ನಾಣ್ಯ ಹಾಕುತ್ತಿದ್ದರು. ಸ್ಟೋನಿ ಮಿಡಲ್ಟನ್ ಕಡೆಗೆ ಇಳಿಯುವ ಕಾಲುದಾರಿಯಲ್ಲಿ ಆ ಕಲ್ಲು ಇವತ್ತಿಗೂ ಇದೆ. ಪ್ರವಾಸಿಗರು ಗುಳಿಗಳಿಗೆ ಈಗಲೂ ಚಿಲ್ಲರೆ ತುರುಕುತ್ತಾರೆ. ಸತ್ತವರು ಸುಮಾರು 260 ಮಂದಿ ಎಂದು ರೂಢಿಯ ಲೆಕ್ಕ. ಎಲಿಜಬೆತ್ ಹ್ಯಾನ್‌ಕಾಕ್ ಎಂಬಾಕೆ ಗಂಡನನ್ನೂ ಆರು ಮಕ್ಕಳನ್ನೂ ಒಬ್ಬಳೇ ಹೂತಳು. ನಮ್ಮ ಕಡೆ ಪ್ಲೇಗು ಬಂದರೆ ಊರು ಖಾಲಿ ಮಾಡಿ ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಇವರು ಊರೊಳಗೇ ಉಳಿದರು.

ಒಬ್ಬ ಪಾದ್ರಿಯ ಮಾತು ಅಷ್ಟು ನಡೆಯಲು ಕಾರಣವಿತ್ತು. ಆ ಕಾಲದಲ್ಲಿ ಹಳ್ಳಿಯ ಮಟ್ಟಿಗೆ ಸರ್ಕಾರ ಎಂದರೆ ಬಹುಮಟ್ಟಿಗೆ ಚರ್ಚಿನ ಪ್ಯಾರಿಶ್ಶೇ, ಅಂದರೆ ಒಂದು ಚರ್ಚಿನ ವ್ಯಾಪ್ತಿಗೆ ಬರುವ ಊರು. 1601ರ ಬಡವರ ಕಾಯ್ದೆಯ ಪ್ರಕಾರ ತೆರಿಗೆ ಎತ್ತಿ ಊರಿನ ಬಡವರನ್ನು ನೋಡಿಕೊಳ್ಳಬೇಕಾದದ್ದೂ ಪ್ಯಾರಿಶ್. ಹಳ್ಳಿಯ ಆಡಳಿತವನ್ನು ಚರ್ಚಿನಿಂದ ಬಿಡಿಸಿ ಚುನಾಯಿತ ಪ್ಯಾರಿಶ್ ಕೌನ್ಸಿಲ್, ಅಂದರೆ ನಮ್ಮ ಗ್ರಾಮ ಪಂಚಾಯ್ತಿಯಂಥದ್ದು, ಮಾಡಿದ್ದು 1894ರ ಕಾಯ್ದೆ. ಆದ್ದರಿಂದ ಊರಿನ ಗೋಳನ್ನು ಈಗಿನ ವಿಕಾರ್ (ಚರ್ಚಿನ ಪಾದ್ರಿ) ಹತ್ತಿರ ತೋಡಿಕೊಂಡರೆ ಟೀ ಸಿಗುತ್ತದೆ, ಕೆಲಸ ಆಗುವುದಿಲ್ಲ.

ಇವತ್ತು ಈಮ್‌ನಲ್ಲಿ ಬೆಂಚು, ಆಟದ ಮೈದಾನದಂಥ ಚಿಲ್ಲರೆ ವ್ಯವಹಾರ ಪ್ಯಾರಿಶ್ ಕೌನ್ಸಿಲ್‌ನದು. ಕಸ ಒಯ್ಯುವುದು, ಕೌನ್ಸಿಲ್ ಟ್ಯಾಕ್ಸ್ ವಸೂಲಿ ಡರ್ಬಿಶೈರ್ ಡೇಲ್ಸ್ ಡಿಸ್ಟ್ರಿಕ್ಟ್ ಕೌನ್ಸಿಲ್‌ನದು. ರಸ್ತೆ ಗುಂಡಿ, ಶಾಲೆ, ಲೈಬ್ರರಿ ಅದಕ್ಕೂ ಮೇಲಿನ ಕೌಂಟಿ ಕೌನ್ಸಿಲ್‌ನದು. ಇಷ್ಟನ್ನು ಟ್ಯಾಕ್ಸ್ ಬಿಲ್ಲೇ ಸಾಲು ಸಾಲಾಗಿ ಹೇಳುತ್ತದೆ. ಬಿಲ್ಲು ಹೇಳದ ನಾಲ್ಕನೆಯ ಯಜಮಾನ ಒಬ್ಬನಿದ್ದಾನೆ. ಊರು ನ್ಯಾಷನಲ್ ಪಾರ್ಕ್ ಒಳಗಿರುವುದರಿಂದ ಕಟ್ಟಡದ ಪರವಾನಗಿ ಡಿಸ್ಟ್ರಿಕ್ಟ್ ಕೈಯಲ್ಲಿಲ್ಲ, ಪೀಕ್ ಡಿಸ್ಟ್ರಿಕ್ಟ್ ನ್ಯಾಷನಲ್ ಪಾರ್ಕ್ ಅಥಾರಿಟಿಯ ಕೈಯಲ್ಲಿದೆ.

ಎಡವುವುದು ಇಲ್ಲೇ. ಈಮ್‌ನಲ್ಲಲ್ಲ, ಇಂಥದ್ದೇ ಇನ್ನೊಂದು ಊರಿನಲ್ಲಿ ಶಿವಮೊಗ್ಗ ಕಡೆಯ ದಂಪತಿ ಮನೆ ಕೊಂಡರು. ಅಡುಗೆಮನೆಗೆ ಬೆಳಕು ಬರದ ಹಾಗೆ ಹಿತ್ತಿಲಲ್ಲಿ ಒಂದು ಸಿಕಮೋರ್ ಮರ. ವಿಧೇಯ ಜನ, ಪ್ಯಾರಿಶ್ ಕೌನ್ಸಿಲ್ ಸಭೆಗೆ ಹೋಗಿ, ಸಾರ್ವಜನಿಕರಿಗೆ ಮಾತಾಡಲು ಬಿಡುವ ಹೊತ್ತಿನಲ್ಲಿ ಕೇಳಿದರು. ಅಧ್ಯಕ್ಷರು ನಗುತ್ತಾ ನಮ್ಮದೇನೂ ಅಭ್ಯಂತರವಿಲ್ಲ ಅಂದರು. ಊರಲ್ಲಿ ಪಂಚಾಯ್ತಿ ಅಧ್ಯಕ್ಷರು ಹಾಗೆಂದರೆ ಮುಗಿಯಿತಲ್ಲ! ಶನಿವಾರ ಗರಗಸದವನು ಬಂದು ಮರ ಉರುಳಿಸಿದ. ನೆರೆಯವರೊಬ್ಬರು ಫೋಟೋ ತೆಗೆದಿದ್ದರು. ಆಮೇಲೆ ಪ್ಲ್ಯಾನಿಂಗ್ ಅಥಾರಿಟಿಯಿಂದ ಬಂದ ಕಾಗದದಲ್ಲಿ ಕೋರ್ಟು ಅನ್ನುವ ಮಾತಿತ್ತು. ಕೇಸು ಹಾಕಲಿಲ್ಲ ಅನ್ನುವುದೊಂದೇ ಸಮಾಧಾನ; ಸಾಲಿಸಿಟರ್ ಫೀಸು ಕೊಟ್ಟರು, ಅದೇ ಜಾಗದಲ್ಲಿ ಬೇರೆ ಮರ ನೆಟ್ಟರು. ಅಡುಗೆಮನೆ ಇನ್ನು ಹತ್ತು ವರ್ಷಕ್ಕೆ ಮತ್ತೆ ಕತ್ತಲೆ.

ಕಾನೂನು ಇಷ್ಟು: ಮನೆ ಕನ್ಸರ್ವೇಶನ್ ಏರಿಯಾದಲ್ಲಿ (ಊರಿನ ಹಳೆಯ ಚಹರೆ ಉಳಿಸಲು ಗುರುತಿಸಿದ ಭಾಗದಲ್ಲಿ) ಇದ್ದರೆ, ಮರ ನಿಮ್ಮದೇ ಆದರೂ, ಕಡಿಯಲು ಅಥವಾ ಕೊಂಬೆ ಸವರಲು ಆರು ವಾರ ಮೊದಲೇ ಪ್ಲ್ಯಾನಿಂಗ್ ಅಥಾರಿಟಿಗೆ, ಪಾರ್ಕ್ ಒಳಗಾದರೆ ಪಾರ್ಕ್ ಅಥಾರಿಟಿಗೆ, ಬರೆದು ತಿಳಿಸಬೇಕು. ಇದನ್ನು ಸೆಕ್ಷನ್ 211 ನೋಟಿಸ್ ಎನ್ನುತ್ತಾರೆ, ಶುಲ್ಕವಿಲ್ಲ. ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಕಾಂಡದ ಅಡ್ಡಳತೆ 75 ಮಿ.ಮೀ. ದಾಟಿದ್ದರೆ ಅದು ಲೆಕ್ಕಕ್ಕೆ ಬರುವ ಮರ. ಟೇಪು ಸುತ್ತಿ ನೋಡಿದರೆ ಸುಮಾರು 24 ಸೆಂ.ಮೀ. ಆರು ವಾರದಲ್ಲಿ ಉತ್ತರ ಬಾರದಿದ್ದರೆ ಕಡಿಯಬಹುದು. ಹೇಳದೆ ಕಡಿದರೆ ದಂಡಕ್ಕೆ ಮೇಲ್ಮಿತಿಯೇ ಇಲ್ಲ. ಪ್ಯಾರಿಶ್ ಕೌನ್ಸಿಲ್ ಅಭಿಪ್ರಾಯ ಹೇಳಬಹುದು, ಅಪ್ಪಣೆ ಕೊಡಲಾರದು. ರಸ್ತೆಗೆ ಕಾಣುವ ಗೋಡೆಗೆ ಟಿವಿ ಡಿಶ್ ಹಾಕುವುದಕ್ಕೂ ಇಂಥ ಕಡೆ ಪರವಾನಗಿ ಬೇಕು. ಲಿಸ್ಟೆಡ್ ಕಟ್ಟಡದ (ಸರ್ಕಾರದ ಸಂರಕ್ಷಿತ ಪಟ್ಟಿಯಲ್ಲಿರುವ ಹಳೆಯ ಕಟ್ಟಡದ) ಹಳೆ ಕಿಟಕಿಯನ್ನು ಅನುಮತಿಯಿಲ್ಲದೆ ಕಿತ್ತರೆ ಅದು ಅಪರಾಧವೇ. ಕಾಗದ ಪತ್ರ ಏನೂ ಬೇಡ, ಕ್ಯಾಶ್ ಕೊಟ್ಟರೆ ನಾಳೆಯೇ ಕಡಿದು ಕೊಡುತ್ತೇನೆ ಅನ್ನುವವನನ್ನು ಗೇಟಿನಿಂದಲೇ ಕಳಿಸಿ.

ಅಧಿಕಾರದ ಮಟ್ಟಿಗೆ ನಮ್ಮ ಗ್ರಾಮ ಪಂಚಾಯ್ತಿಯೇ ವಾಸಿ ಅಂತ ನನಗನಿಸುತ್ತದೆ. ಅದಕ್ಕೆ ಮನೆ ಕಟ್ಟಲು ಲೈಸೆನ್ಸ್ ಕೊಡುವ ಶಕ್ತಿಯಿದೆ, ಅರ್ಧ ಸೀಟು ಹೆಂಗಸರಿಗೆ ಮೀಸಲಿದೆ. ಇಲ್ಲಿ ಎಷ್ಟೋ ಪ್ಯಾರಿಶ್‌ಗಳಲ್ಲಿ ಚುನಾವಣೆಗೆ ನಿಲ್ಲುವವರೇ ಇರುವುದಿಲ್ಲ, ಖಾಲಿ ಸೀಟಿಗೆ ಯಾರನ್ನಾದರೂ ಕರೆದು ಕೂರಿಸುತ್ತಾರೆ. ಆದರೆ ಸಭೆಯ ಅಜೆಂಡಾ ಮೂರು ದಿನ ಮುಂಚೆ ಬೋರ್ಡಿಗೆ ಬೀಳುತ್ತದೆ, ನಡಾವಳಿ ಯಾರು ಬೇಕಾದರೂ ಓದಬಹುದು. ನಮ್ಮ ಎಷ್ಟೋ ಗ್ರಾಮಸಭೆಗಳು ಸಹಿ ಪುಸ್ತಕದಲ್ಲೇ ಮುಗಿದು ಹೋಗುತ್ತವೆ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ, ವೀಸಾ ಮೇಲೆ ಇರುವಾಗಲೇ, ಕಾಮನ್‌ವೆಲ್ತ್ ಪ್ರಜೆಯಾಗಿ ನೀವು ಇಲ್ಲಿ ವೋಟು ಹಾಕಬಹುದು; ಮತದಾರರ ಪಟ್ಟಿಗೆ ಹೆಸರು ಸೇರಿಸಿ. ಪ್ಯಾರಿಶ್ ಕೌನ್ಸಿಲ್‌ಗೆ ನಿಲ್ಲುವುದಾದರೆ ಐಎಲ್‌ಆರ್, ಅಂದರೆ ಇಲ್ಲಿ ಕಾಲಮಿತಿಯಿಲ್ಲದೆ ನೆಲೆಸಲು ಅನುಮತಿ, ಸಿಕ್ಕಿರಬೇಕು. ಠೇವಣಿ ಇಲ್ಲ, ಸೂಚಕರು ಅನುಮೋದಕರು ಅಂತ ಊರಿನ ಇಬ್ಬರ ಸಹಿ ಸಾಕು.