ಲಿನಕ್ಸ್ ಡೆಸ್ಕ್‌ಟಾಪಲ್ಲಿ ಕೇಬಲ್ ನೆಟ್ ಬರ್ತಿಲ್ವಾ? ಫಾರ್ಮ್ಯಾಟ್ ಮಾಡೋಕೆ ಮುಂಚೆ ಇಷ್ಟು ನೋಡಿ

ಲ್ಯಾನ್ ಕೇಬಲ್ ಹಾಕಿರೋ ಡೆಸ್ಕ್‌ಟಾಪು, ಅದರಲ್ಲಿ ಮಿಂಟೋ ಉಬುಂಟುನೋ ಡೆಬಿಯನ್ನೋ ಇದೆ, ನಿನ್ನೆವರೆಗೂ ಚೆನ್ನಾಗಿತ್ತು, ಇವತ್ತು ನೆಟ್ ಇಲ್ಲ. ಇಂಥ ಹೊತ್ತಲ್ಲಿ ಜಾಸ್ತಿ ಜನ ಮಾಡೋದು ಎರಡೇ ಕೆಲಸ, ಒಂದು ಫೋನಲ್ಲಿ ಹುಡುಕಿ ಸಿಕ್ಕ ಸಿಕ್ಕ ಕಮಾಂಡನ್ನೆಲ್ಲ ಹೊಡೆಯೋದು, ಇನ್ನೊಂದು ಬೇಜಾರಾಗಿ ಫಾರ್ಮ್ಯಾಟ್ ಮಾಡಿ ವಾಪಸ್ ವಿಂಡೋಸ್ ಹಾಕ್ಕೊಳೋದು. ದಯವಿಟ್ಟು ಎರಡೂ ಬೇಡ. ವೈಫೈಗೆ ಹೋಲಿಸಿದ್ರೆ ಕೇಬಲ್ ನೆಟ್ಟಲ್ಲಿ ತೊಂದರೆ ಹುಡುಕೋದು ತುಂಬಾ ಸುಲಭ, ಯಾಕಂದ್ರೆ ಇಲ್ಲಿ ಎಲ್ಲ ಒಂದರ ಹಿಂದೆ ಒಂದು ಇರತ್ತೆ, ಕೇಬಲ್, ಕಾರ್ಡ್, ಡ್ರೈವರ್, ಐಪಿ ಅಡ್ರೆಸ್ (ನೆಟ್‌ವರ್ಕಲ್ಲಿ ಕಂಪ್ಯೂಟರಿನ ನಂಬರ್), ರೂಟರ್, ಹೊರಗಿನ ನೆಟ್, ಕೊನೆಗೆ ಡಿಎನ್‌ಎಸ್ (ಸೈಟಿನ ಹೆಸರನ್ನ ಐಪಿ ನಂಬರಾಗಿ ಬದಲಾಯಿಸಿ ಕೊಡೋದು). ತೋಟಕ್ಕೆ ನೀರು ಬರ್ಲಿಲ್ಲ ಅಂದ್ರೆ ಮೋಟರ್ ಹತ್ರದಿಂದ ಪೈಪ್ ಹಿಡ್ಕೊಂಡು ಹೋಗಿ ಎಲ್ಲಿ ನಿಂತಿದೆ ಅಂತ ನೋಡ್ತೀವಲ್ಲ, ಹಾಗೇ ಹೋಗಬೇಕು. ಮಧ್ಯೆ ಹಾರಬೇಡಿ, ಮತ್ತೆ ಒಂದ್ಸಲಕ್ಕೆ ಒಂದನ್ನೇ ಬದಲಾಯಿಸಿ, ಮೂರು ಒಟ್ಟಿಗೆ ಬದಲಾಯಿಸಿದ್ರೆ ಸರಿ ಆದ್ರೂ ಯಾವುದರಿಂದ ಆಯ್ತು ಅಂತ ಗೊತ್ತಾಗಲ್ಲ.

ಕಮಾಂಡ್‌ಗಳನ್ನ ಓದೋ ಹಾಗೆ ಕನ್ನಡದಲ್ಲೇ ಬರೀತೀನಿ, ನೀವು ಟರ್ಮಿನಲ್ಲಲ್ಲಿ (ಕಮಾಂಡ್ ಟೈಪ್ ಮಾಡೋ ಕಿಟಕಿ) ಇಂಗ್ಲಿಷ್ ಸಣ್ಣಕ್ಷರದಲ್ಲಿ ಟೈಪ್ ಮಾಡ್ಕೊಳ್ಳಿ. ಎಲ್ಲಿ ಕ್ಯಾಪಿಟಲ್ ಬೇಕೋ ಅಲ್ಲಿ ಹೇಳ್ತೀನಿ.

ಮೊದಲು ಕಂಪ್ಯೂಟರ್ ಮುಟ್ಟಲೇಬೇಡಿ, ರೂಟರ್ ನೋಡಿ. ಅದೇ ರೂಟರಿನ ವೈಫೈಗೆ ಫೋನ್ ಹಾಕಿ, ಮೊಬೈಲ್ ಡೇಟಾ ಆಫ್ ಮಾಡಿ, ಏನಾದ್ರೂ ಓಪನ್ ಮಾಡಿ ನೋಡಿ. ಫೋನಲ್ಲೂ ಬರ್ತಿಲ್ಲ ಅಂದ್ರೆ ತಪ್ಪು ಲಿನಕ್ಸಿಂದಲ್ಲ. ಫೈಬರ್ ಕನೆಕ್ಷನ್ ಆದ್ರೆ ಗೋಡೆ ಮೇಲಿರೋ ಒಎನ್‌ಟಿ ಡಬ್ಬಿ (ಫೈಬರ್ ಬಂದು ಸೇರೋದು) ನೋಡಿ, ಅದರಲ್ಲಿ ಪಿಒಎನ್ ಅನ್ನೋ ಲೈಟ್ ಸ್ಥಿರವಾಗಿ ಹಸಿರಾಗಿ ಉರೀಬೇಕು, ಎಲ್‌ಒಎಸ್ ಅನ್ನೋದು ಕೆಂಪಾಗಿ ಮಿನುಗ್ತಿದ್ರೆ ಬೆಳಕೇ ಒಳಗೆ ಬರ್ತಿಲ್ಲ, ಫೈಬರ್ ಎಲ್ಲೋ ಕಟ್ ಆಗಿದೆ ಅಥವಾ ತುಂಬಾ ಮಡಚಿಕೊಂಡಿದೆ ಅಂತ ಅರ್ಥ. ಅದಕ್ಕೆ ಲೈನ್‌ಮ್ಯಾನ್‌ಗೆ ಫೋನ್ ಮಾಡೋದು ಬಿಟ್ಟು ಬೇರೆ ದಾರಿ ಇಲ್ಲ.

ಫೋನಲ್ಲಿ ಬರ್ತಿದೆ, ಡೆಸ್ಕ್‌ಟಾಪಲ್ಲಿ ಮಾತ್ರ ಇಲ್ಲ ಅನ್ನೋದಾದ್ರೆ ಈಗ ಸಿಪಿಯು ಹಿಂದೆ ಬಗ್ಗಿ ನೋಡಿ. ಲ್ಯಾನ್ ಪೋರ್ಟಲ್ಲಿ ಸಾಮಾನ್ಯವಾಗಿ ಎರಡು ಪುಟ್ಟ ಲೈಟ್ ಇರತ್ತೆ, ಒಂದು ಲಿಂಕ್ ಇದೆ ಅಂತ ಹೇಳೋದು, ಇನ್ನೊಂದು ಡೇಟಾ ಓಡಾಡುವಾಗ ಮಿನುಗೋದು. ಎರಡೂ ಸತ್ತಿದ್ರೆ ಕೇಬಲ್ ತೆಗೆದು ಟಕ್ ಅನ್ನೋವರೆಗೂ ಒತ್ತಿ ಹಾಕಿ. ಆ ಪ್ಲಾಸ್ಟಿಕ್ ಲಾಕ್ ಮುರಿದಿದ್ರೆ ಕೇಬಲ್ ನೋಡೋಕೆ ಕೂತಿರೋ ಹಾಗೇ ಇರತ್ತೆ ಆದ್ರೆ ಒಳಗೆ ಕಾಂಟ್ಯಾಕ್ಟ್ ಇರಲ್ಲ, ಕಸ ಗುಡಿಸುವಾಗ ಸ್ವಲ್ಪ ತಾಗಿದ್ರೂ ಸಾಕು ಲಿಂಕ್ ಹೋಗತ್ತೆ. ಆಮೇಲೆ ರೂಟರಲ್ಲಿ ಬೇರೆ ಲ್ಯಾನ್ ಪೋರ್ಟಿಗೆ ಹಾಕಿ ನೋಡಿ, ವ್ಯಾನ್ ಅಂತ ಬರೆದಿರೋದಕ್ಕೆ ಹಾಕಬೇಡಿ, ಅದು ಹೊರಗಿನ ನೆಟ್ ಲೈನಿಗೆ. ಕೊನೆಗೆ ಬೇರೆ ಕೇಬಲ್. ಈ ಬೇರೆ ಕೇಬಲ್ ಅನ್ನೋ ಮಾತನ್ನ ಯಾರೂ ಸೀರಿಯಸ್ಸಾಗಿ ತಗೊಳಲ್ಲ, ಕೇಬಲ್ ಕೆಡೋ ವಸ್ತು ಅಂತಾನೇ ಅನ್ಸಲ್ಲ, ಆದ್ರೆ ನನ್ನ ಪ್ರಕಾರ ಮನೇಲಿ ಒಂದು ಒಳ್ಳೆ ಕ್ಯಾಟ್ 5ಇ ಅಥವಾ ಕ್ಯಾಟ್ 6 ಕೇಬಲ್ ಎಕ್ಸ್‌ಟ್ರಾ ಇರಲೇಬೇಕು.

ಕೇಬಲ್ ಅರ್ಧ ಕೆಟ್ಟಿರೋದೂ ಉಂಟು, ಅದು ಇನ್ನೂ ತಲೆನೋವು. ಒಳಗೆ ಎಂಟು ತಂತಿ ಇರತ್ತೆ, ನಾಲ್ಕು ಜೋಡಿ. 100 ಎಂಬಿಪಿಎಸ್‌ಗೆ ಎರಡು ಜೋಡಿ ಸಾಕು, ಗಿಗಾಬಿಟ್‌ಗೆ ನಾಲ್ಕೂ ಬೇಕು. ಹಾಗಾಗಿ ಒಂದು ತಂತಿ ಕಟ್ ಆದ್ರೆ ನೆಟ್ ಪೂರ್ತಿ ಹೋಗ್ದೇನೇ ಗಿಗಾಬಿಟ್ ಹೋಗಿ 100ಕ್ಕೆ ಇಳಿದುಬಿಡಬಹುದು, 300ರ ಪ್ಲಾನ್ ಹಾಕ್ಸಿರ್ತೀರಿ, ಸ್ಪೀಡ್ ಟೆಸ್ಟ್ ಮಾಡಿದ್ರೆ 94ರ ಹತ್ರ ಬಂದು ನಿಲ್ಲತ್ತೆ, ಕಂಪ್ಲೇಂಟ್ ಮಾಡಿದ್ರೆ ಅವರು ನಮ್ಮ ಕಡೆಯಿಂದ ಸರಿ ಇದೆ ಅಂತಾರೆ. ಇಬ್ಬರದ್ದೂ ಸುಳ್ಳಲ್ಲ. ‘ಸುಡೊ ಡಿಮೆಸೇಜ್’ ಹೊಡೆದು (ಡಿ, ಎಂ, ಇ, ಎಸ್, ಜಿ ಐದೇ ಅಕ್ಷರ) ಕೊನೆಯ ಸಾಲುಗಳಲ್ಲಿ ‘ಲಿಂಕ್ ಈಸ್ ಅಪ್’ ಅಂತ ಇರೋದನ್ನ ಹುಡುಕಿ, ಪಕ್ಕದಲ್ಲೇ 1ಜಿಬಿಪಿಎಸ್ ಅಂತಿದ್ಯೋ 100ಎಂಬಿಪಿಎಸ್ ಅಂತಿದ್ಯೋ ಗೊತ್ತಾಗತ್ತೆ. ರೂಟರ್ ಪೋರ್ಟೇ 100ರದ್ದಾಗಿದ್ರೆ ಮಾತ್ರ ಕೇಬಲ್ ಬದಲಾಯಿಸಿ ಉಪಯೋಗ ಇಲ್ಲ.

ಈಗ ಟರ್ಮಿನಲ್. ‘ಐಪಿ ಲಿಂಕ್’ ಅಂತ ಹೊಡೀರಿ. ಮೊದಲು ಬರೋ ‘ಎಲ್‌ಒ’ ಬಿಟ್ಟುಬಿಡಿ, ಅದು ಕಂಪ್ಯೂಟರ್ ತನ್ನ ಜೊತೆ ತಾನೇ ಮಾತಾಡೋಕೆ ಇಟ್ಕೊಂಡಿರೋದು. ಆಮೇಲೆ ‘ಇಎನ್‌ಪಿ3ಎಸ್0’ ಅಥವಾ ‘ಇಎನ್‌ಒ1’ ಥರದ ಹೆಸರು ಬರತ್ತೆ, ಅದೇ ನಿಮ್ಮ ಲ್ಯಾನ್ ಕಾರ್ಡು. ಹಳೇ ಕಾಲದಲ್ಲಿ ‘ಇಟಿಎಚ್0’ ಅಂತಿತ್ತು, 2013ರಲ್ಲಿ ಸಿಸ್ಟಮ್‌ಡಿ (ಲಿನಕ್ಸಲ್ಲಿ ಸಿಸ್ಟಮ್ ಶುರು ಮಾಡಿ ನೋಡ್ಕೊಳೋ ಪ್ರೋಗ್ರಾಮ್) ಈ ಹೊಸ ಹೆಸರಿಡೋ ಪದ್ಧತಿ ತಂತು, ಪಿ3 ಅಂದ್ರೆ ಪಿಸಿಐ ಬಸ್ಸು 3, ಎಸ್0 ಅಂದ್ರೆ ಸ್ಲಾಟ್ 0. ಇದು ಗೊತ್ತಿದ್ರೆ ಒಂದು ವಿಚಿತ್ರ ತೊಂದರೆ ತಕ್ಷಣ ಹಿಡೀಬಹುದು: ಹೊಸ ಗ್ರಾಫಿಕ್ಸ್ ಕಾರ್ಡೋ ಎನ್‌ವಿಎಂಇ ಎಸ್‌ಎಸ್‌ಡಿನೋ ಹಾಕಿದ್ಮೇಲೆ ಬಸ್ ನಂಬರ್ ಬದಲಾಗಿ ಕಾರ್ಡಿನ ಹೆಸರು ಇಎನ್‌ಪಿ4ಎಸ್0 ಆಗಿರತ್ತೆ, ಹಳೇ ಸೆಟ್ಟಿಂಗ್ ಮಾತ್ರ ಇನ್ನೂ 3ನ್ನೇ ಹುಡುಕ್ತಾ ಕೂತಿರತ್ತೆ.

ಆ ಸಾಲಲ್ಲಿ ‘ನೋ-ಕ್ಯಾರಿಯರ್’ ಅಂತಿದ್ರೆ ಕಾರ್ಡ್ ಸರಿ ಇದೆ, ಡ್ರೈವರ್ ಇದೆ, ಆದ್ರೆ ತಂತಿಯ ಆ ಕಡೆ ಯಾರೂ ಸಿಗ್ತಿಲ್ಲ, ಅಂದ್ರೆ ಮತ್ತೆ ಕೇಬಲ್ ಮತ್ತು ಪೋರ್ಟ್ ನೋಡಿ. ‘ಲೋಯರ್_ಅಪ್’ ಅಂತಿದ್ರೆ ಲಿಂಕ್ ಸಿಕ್ಕಿದೆ, ಮುಂದೆ ಹೋಗಿ. ಲ್ಯಾನ್ ಕಾರ್ಡಿನ ಹೆಸರೇ ಇಲ್ಲ ಅಂದ್ರೆ ಸಾಮಾನ್ಯವಾಗಿ ಡ್ರೈವರ್ ಪ್ರಾಬ್ಲಮ್.

ಡ್ರೈವರ್‌ಗೆ ‘ಎಲ್‌ಎಸ್‌ಪಿಸಿಐ ಹೈಫನ್ ಎನ್‌ಎನ್‌ಕೆ’ ಹೊಡೆದು ‘ಈಥರ್ನೆಟ್ ಕಂಟ್ರೋಲರ್’ ಅನ್ನೋ ಸಾಲು ಹುಡುಕಿ, ಅದರ ಕೆಳಗೆ ‘ಕರ್ನಲ್ ಡ್ರೈವರ್ ಇನ್ ಯೂಸ್’ ಅಂತ ಇರಬೇಕು. ರಿಯಲ್‌ಟೆಕ್ ಕಾರ್ಡಿಗೆ ಆರ್8169, ಇಂಟೆಲ್‌ಗೆ ಇ1000ಇ ಅಥವಾ ಐಜಿಸಿ, ಇವೇ ಜಾಸ್ತಿ ಕಾಣೋದು. ಈ ಡ್ರೈವರ್ ಸಾಲೇ ಇಲ್ಲ ಅಂದ್ರೆ ಮದರ್‌ಬೋರ್ಡ್ ಹೊಸದು, ಕರ್ನಲ್ (ಲಿನಕ್ಸಿನ ತಿರುಳು, ಡ್ರೈವರ್‌ಗಳು ಇದರ ಜೊತೆಗೇ ಬರೋದು) ಹಳೇದು ಅಂತ ಊಹಿಸ್ಬಹುದು, ಹೊಸ ಕರ್ನಲ್ ಹಾಕಿದ್ರೆ ಸಾಮಾನ್ಯವಾಗಿ ಸರಿ ಹೋಗತ್ತೆ. ನೆಟ್ ಇಲ್ದೇ ಕರ್ನಲ್ ಹೇಗೆ ಇಳಿಸೋದು ಅಂತೀರಾ, ಆಂಡ್ರಾಯ್ಡ್ ಫೋನನ್ನ ಚಾರ್ಜಿಂಗ್ ಕೇಬಲಲ್ಲಿ ಸಿಪಿಯುಗೆ ಹಾಕಿ ಫೋನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ, ಡ್ರೈವರ್ ಏನೂ ಕೇಳ್ದೇನೇ ನೆಟ್ ಬರತ್ತೆ. ಇದು ಟೆಸ್ಟ್ ಕೂಡ ಹೌದು, ಟೆದರಿಂಗಲ್ಲಿ ನೆಟ್ ಬಂತು ಅಂದ್ರೆ ಸಿಸ್ಟಮ್ಮಿನ ಉಳಿದ ಭಾಗ ಆರೋಗ್ಯವಾಗಿದೆ ಅಂತ ಆಯ್ತು.

ವಿಂಡೋಸ್ ಜೊತೆ ಡ್ಯುಯಲ್ ಬೂಟ್ ಇರೋರಿಗೆ ಒಂದು ವಿಷ್ಯ. ವಿಂಡೋಸಿನ ಫಾಸ್ಟ್ ಸ್ಟಾರ್ಟಪ್ ಆನ್ ಇದ್ರೆ ಅದು ಶಟ್‌ಡೌನ್ ಆಗುವಾಗ ಪೂರ್ತಿ ಶಟ್‌ಡೌನ್ ಆಗಲ್ಲ, ಲ್ಯಾನ್ ಕಾರ್ಡನ್ನ ಮಲಗಿಸಿ ಹೋಗಿರತ್ತೆ, ಲಿನಕ್ಸಿಗೆ ಬಂದ್ರೆ ಕೆಲವು ಕಾರ್ಡು ಏಳೋದೇ ಇಲ್ಲ. ಕಂಪ್ಯೂಟರ್ ಆಫ್ ಮಾಡಿ, ಹಿಂದಿನ ಪವರ್ ವೈರ್ ಕಿತ್ತು, ಪವರ್ ಬಟನ್ ಹತ್ತು ಹದಿನೈದು ಸೆಕೆಂಡ್ ಒತ್ತಿ ಹಿಡಿದು ಮತ್ತೆ ಹಾಕಿ. ಇದ್ರಿಂದ ಸರಿ ಆಯ್ತು ಅಂದ್ರೆ ವಿಂಡೋಸಿಗೆ ಹೋಗಿ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡ್ಬಿಡಿ, ಇಲ್ಲಾಂದ್ರೆ ಮತ್ತೆ ಇದೇ ಕಥೆ.

ಲಿಂಕ್ ಇದೆ, ಡ್ರೈವರ್ ಇದೆ, ಆದ್ರೂ ನೆಟ್ ಇಲ್ಲ. ಈಗ ‘ಎನ್‌ಎಂಸಿಎಲ್‌ಐ ಡಿವೈಸ್’ ಹೊಡೀರಿ. ಕಾರ್ಡಿನ ಮುಂದೆ ‘ಕನೆಕ್ಟೆಡ್’ ಅಂತಿದ್ರೆ ಸರಿ. ‘ಡಿಸ್‌ಕನೆಕ್ಟೆಡ್’ ಅಂತಿದ್ರೆ ‘ಎನ್‌ಎಂಸಿಎಲ್‌ಐ ಡಿವೈಸ್ ಕನೆಕ್ಟ್’ ಅಂತ ಹೊಡೆದು ಕಾರ್ಡಿನ ಹೆಸರು ಕೊಡಿ. ‘ಅನ್‌ಮ್ಯಾನೇಜ್ಡ್’ ಅಂತಿದ್ರೆ ನೆಟ್‌ವರ್ಕ್ ಮ್ಯಾನೇಜರ್ (ಕನೆಕ್ಷನ್ ನೋಡ್ಕೊಳೋ ಪ್ರೋಗ್ರಾಮ್) ಆ ಕಾರ್ಡನ್ನ ಮುಟ್ತಾನೇ ಇಲ್ಲ ಅಂತ ಅರ್ಥ. ಡೆಬಿಯನಲ್ಲಿ ಇದು ಕಾಮನ್, ಇಟಿಸಿ ಫೋಲ್ಡರ್ ಒಳಗೆ ನೆಟ್‌ವರ್ಕ್ ಅನ್ನೋ ಫೋಲ್ಡರ್, ಅದರೊಳಗೆ ‘ಇಂಟರ್‌ಫೇಸಸ್’ ಅನ್ನೋ ಫೈಲ್ ಇದೆ, ಅದರಲ್ಲಿ ನಿಮ್ಮ ಕಾರ್ಡಿನ ಹೆಸರು ಬರೆದಿದ್ರೆ ನೆಟ್‌ವರ್ಕ್ ಮ್ಯಾನೇಜರ್ ಅದನ್ನ ತನ್ನದಲ್ಲ ಅಂತ ಬಿಟ್ಟುಬಿಡತ್ತೆ. ಆ ಸಾಲುಗಳ ಮುಂದೆ ಹ್ಯಾಶ್ ಚಿಹ್ನೆ ಹಾಕಿ ಸೇವ್ ಮಾಡಿ (ಎಲ್‌ಒ ಸಾಲು ಹಾಗೇ ಇರಲಿ), ಆಮೇಲೆ ರೀಸ್ಟಾರ್ಟ್ ಮಾಡಿ. ಉಬುಂಟು ಸರ್ವರ್ ಹಾಕಿ ಮೇಲೆ ಡೆಸ್ಕ್‌ಟಾಪ್ ಹಾಕ್ಕೊಂಡಿರೋರಿಗೆ ಇದೇ ತೊಂದರೆ ನೆಟ್‌ಪ್ಲ್ಯಾನ್ ಅನ್ನೋ ನೆಟ್‌ವರ್ಕ್ ಸೆಟ್ಟಿಂಗ್ ಫೈಲಿಂದ ಬರತ್ತೆ, ಅಲ್ಲಿ ರೆಂಡರರ್ ಅನ್ನೋ ಕಡೆ ನೆಟ್‌ವರ್ಕ್ ಮ್ಯಾನೇಜರ್ ಅಂತ ಕೊಡಬೇಕು, ಎನ್ ಮತ್ತೆ ಎಂ ಕ್ಯಾಪಿಟಲ್, ಮಧ್ಯೆ ಸ್ಪೇಸ್ ಬೇಡ.

ಆಮೇಲೆ ‘ಐಪಿ ಎ’. ನಿಮ್ಮ ಕಾರ್ಡಿನ ಕೆಳಗೆ ‘ಐನೆಟ್’ ಅಂತ ಬರೋ ನಂಬರ್ ನೋಡಿ. 192.168 ಅಥವಾ 10ರಿಂದ ಶುರುವಾದ್ರೆ ಸಾಮಾನ್ಯವಾಗಿ ರೂಟರ್ ಅಡ್ರೆಸ್ ಕೊಟ್ಟಿದೆ. 169.254ರಿಂದ ಶುರುವಾದ್ರೆ ಅಥವಾ ಏನೂ ಇಲ್ಲದಿದ್ರೆ ಕಂಪ್ಯೂಟರ್ ಕೇಳಿದೆ, ಯಾರೂ ಉತ್ತರ ಕೊಟ್ಟಿಲ್ಲ. ರೂಟರ್ ಒಂದ್ಸಲ ಆಫ್ ಮಾಡಿ ಆನ್ ಮಾಡಿ. ನೆಟ್‌ವರ್ಕ್ ಸೆಟ್ಟಿಂಗಲ್ಲಿ ಐಪಿವಿ4 ಅನ್ನೋದು ಆಟೋಮ್ಯಾಟಿಕ್ ಡಿಎಚ್‌ಸಿಪಿ (ರೂಟರಿಂದ ಅಡ್ರೆಸ್ ತಾನಾಗೇ ತಗೊಳೋದು) ಇದ್ಯಾ ನೋಡಿ, ಯಾರೋ ಯಾವತ್ತೋ ಮ್ಯಾನುಯಲ್ ಅಡ್ರೆಸ್ ಹಾಕಿಟ್ಟು ಈಗ ರೂಟರ್ ಬದಲಾಗಿದ್ರೆ ಅದೊಂದೇ ಸಾಕು ಎಲ್ಲ ನಿಲ್ಲೋಕೆ.

ನಮ್ಮ ಊರುಗಳಲ್ಲಿ ಇನ್ನೊಂದಿದೆ. ಬಿಲ್ಡಿಂಗಿನ ಡಬ್ಬಿಯಿಂದ ಸೀದಾ ಲ್ಯಾನ್ ವೈರ್ ಎಳೆದು ರೂಟರ್ ಇಲ್ದೇ ಕಂಪ್ಯೂಟರಿಗೇ ಕೊಟ್ಟಿರ್ತಾರೆ. ಅಂಥ ಕಡೆ ಕೆಲವು ಆಪರೇಟರ್‌ಗಳು ನಿಮ್ಮ ಕಾರ್ಡಿನ ಮ್ಯಾಕ್ ಅಡ್ರೆಸ್ಸನ್ನ (ಪ್ರತಿ ಕಾರ್ಡಿಗೂ ಬೇರೆ ಬೇರೆ ಇರೋ ಗುರುತಿನ ನಂಬರ್) ಅಕೌಂಟಿಗೆ ಕಟ್ಟಿ ಹಾಕಿರ್ತಾರೆ, ಮದರ್‌ಬೋರ್ಡ್ ಬದಲಾದ್ರೆ ಮ್ಯಾಕ್ ಬದಲಾಗತ್ತೆ, ನೆಟ್ ನಿಲ್ಲತ್ತೆ. ಫೋನ್ ಮಾಡಿ ಮ್ಯಾಕ್ ರೀಸೆಟ್ ಮಾಡಿ ಅಂತ ಕೇಳಿ, ಅಷ್ಟೇ ಹೇಳಿದ್ರೆ ಅವರಿಗೆ ಅರ್ಥ ಆಗತ್ತೆ. ಯೂಸರ್‌ನೇಮ್ ಪಾಸ್‌ವರ್ಡ್ ಕೊಟ್ಟಿದ್ರೆ ಅದು ಪಿಪಿಪಿಒಇ, ಕೇಬಲ್ ಹಾಕಿದ್ರೆ ಮಾತ್ರ ಸಾಲದು, ನೆಟ್‌ವರ್ಕ್ ಕನೆಕ್ಷನ್ಸಲ್ಲಿ ಡಿಎಸ್‌ಎಲ್ ಅಂತ ಹೊಸದೊಂದು ಸೇರಿಸಿ ಅದರಲ್ಲಿ ಅವನ್ನ ಹಾಕ್ಬೇಕು. ಬಿಎಸ್‌ಎನ್‌ಎಲ್ ಫೈಬರಲ್ಲೂ ಪಿಪಿಪಿಒಇನೇ ಸಾಮಾನ್ಯ, ಆದ್ರೆ ಅಲ್ಲಿ ಲಾಗಿನ್ ಒಎನ್‌ಟಿ ಅಥವಾ ರೂಟರ್ ಒಳಗೇ ಇರೋದ್ರಿಂದ ನಿಮಗೆ ಕಾಣಲ್ಲ.

ಐಪಿ ಸಿಕ್ಕಿದೆ ಅಂದ್ರೆ ‘ಐಪಿ ರೂಟ್’ ಹೊಡೀರಿ, ರೂಟ್ ಅಂದ್ರೆ ಆರ್‌ಒಯುಟಿಇ. ‘ಡಿಫಾಲ್ಟ್ ವಯಾ’ ಅಂದ್ಮೇಲೆ ಬರೋ ನಂಬರ್ ನಿಮ್ಮ ರೂಟರ್. ಅದಕ್ಕೆ ಪಿಂಗ್ ಮಾಡಿ (ಇದ್ದೀಯಾ ಅಂತ ಕೂಗಿ ಉತ್ತರ ಬರತ್ತಾ ನೋಡೋದು), ‘ಪಿಂಗ್ ಹೈಫನ್ ಸಿ 4 192.168.1.1’ ಥರ. ಉತ್ತರ ಬಂದ್ರೆ ‘ಪಿಂಗ್ ಹೈಫನ್ ಸಿ 4 8.8.8.8’, ಇದು ಹೊರಗಿನ ನೆಟ್ಟಲ್ಲಿರೋ ಗೂಗಲ್‌ನ ಡಿಎನ್‌ಎಸ್ ಸರ್ವರ್. ರೂಟರ್ ಉತ್ತರ ಕೊಟ್ಟು 8.8.8.8 ಕೊಡ್ಲಿಲ್ಲ ಅಂದ್ರೆ ತಡೆ ರೂಟರಿಂದ ಆಚೆ ಇದೆ, ಅಥವಾ ನಿಮ್ಮ ವಿಪಿಎನ್ ಆಪ್ ಸರಿಯಾಗಿ ಕ್ಲೋಸ್ ಆಗ್ದೇ ಅದರ ಕಿಲ್ ಸ್ವಿಚ್ ಎಲ್ಲ ಟ್ರಾಫಿಕ್ ಹಿಡಿದಿಟ್ಟಿದೆ. ‘ಎನ್‌ಎಂಸಿಎಲ್‌ಐ ಕನೆಕ್ಷನ್’ ಹೊಡೆದ್ರೆ ನಿಮಗೆ ಗೊತ್ತಿಲ್ದೇ ಇರೋ ಹೆಸರಿನ ಕನೆಕ್ಷನ್ ಕಾಣಬಹುದು, ಯಾವುದರದ್ದು ಅಂತ ಖಾತ್ರಿ ಮಾಡ್ಕೊಂಡು ಡಿಲೀಟ್ ಮಾಡಿ.

8.8.8.8 ಉತ್ತರ ಕೊಡ್ತಿದೆ, ಆದ್ರೆ ಹೆಸರು ಹಾಕಿ ಪಿಂಗ್ ಮಾಡಿದ್ರೆ ‘ಟೆಂಪರರಿ ಫೇಲ್ಯೂರ್ ಇನ್ ನೇಮ್ ರೆಸಲ್ಯೂಷನ್’ ಅಂತ ಬರ್ತಿದ್ಯಾ? ಖುಷಿ ಪಡಿ, ನೆಟ್ ಇದೆ, ಡಿಎನ್‌ಎಸ್ ಒಂದೇ ಕೆಟ್ಟಿರೋದು. ಸೆಟ್ಟಿಂಗಲ್ಲಿ ಐಪಿವಿ4 ಟ್ಯಾಬಿಗೆ ಹೋಗಿ ಡಿಎನ್‌ಎಸ್ ಆಟೋಮ್ಯಾಟಿಕ್ ಆಫ್ ಮಾಡಿ 1.1.1.1, 8.8.8.8 ಅಂತ ಹಾಕಿ, ಕನೆಕ್ಷನ್ ಆಫ್ ಆನ್ ಮಾಡಿ. ತುಂಬಾ ಜನ ಇಟಿಸಿ ಒಳಗಿನ ‘ರೆಸಾಲ್ವ್ ಡಾಟ್ ಕಾನ್ಫ್’ ಫೈಲನ್ನೇ ತಿದ್ದೋಕೆ ಹೋಗ್ತಾರೆ, ಉಬುಂಟು ಮಿಂಟಲ್ಲಿ ಅದರೊಳಗೆ 127.0.0.53 ಅಂತ ಇರೋದು ಸರಿಯಾಗೇ ಇದೆ, ಅದು ಸಿಸ್ಟಮ್‌ಡಿ ರೆಸಾಲ್ವ್‌ಡಿ ಅನ್ನೋ ಡಿಎನ್‌ಎಸ್ ನೋಡ್ಕೊಳೋ ಪ್ರೋಗ್ರಾಮ್ ಕೂತಿರೋ ಜಾಗ. ನೀವು ಅಲ್ಲಿ ಬರೆದಿದ್ದು ರೀಸ್ಟಾರ್ಟ್ ಆದ್ಮೇಲೆ ಅಳಿಸಿಹೋಗತ್ತೆ, ಹಾಗಾಗಿ ಆ ಫೈಲ್ ಮುಟ್ಟಬೇಡಿ.

ಎಲ್ಲ ಪಿಂಗ್ ಸರಿ, ಆದ್ರೂ ಎಲ್ಲ ಸೈಟಲ್ಲೂ ಸರ್ಟಿಫಿಕೇಟ್ ಎರರ್ ಬರ್ತಿದ್ರೆ ಗಡಿಯಾರ ನೋಡಿ. ಹಳೇ ಮದರ್‌ಬೋರ್ಡಲ್ಲಿ ಸಿಆರ್2032 ಬಟನ್ ಸೆಲ್ ಸತ್ತಿದ್ರೆ ಕರೆಂಟ್ ಹೋಗಿ ಬಂದಾಗೆಲ್ಲ ತಾರೀಕು ಎಷ್ಟೋ ವರ್ಷ ಹಿಂದೆ ಹೋಗತ್ತೆ. ಸೆಲ್ ಬದಲಾಯಿಸಿ, ಅಂಗಡೀಲಿ ಸುಲಭವಾಗಿ ಸಿಗತ್ತೆ. ಕೆಲವು ಸೈಟ್ ಮಾತ್ರ ಅರ್ಧಕ್ಕೆ ನಿಲ್ತಿದ್ರೆ ಎಂಟಿಯು (ಒಂದ್ಸಲಕ್ಕೆ ಕಳಿಸಬಹುದಾದ ಡೇಟಾ ತುಂಡಿನ ಗರಿಷ್ಠ ಅಳತೆ, ಬೈಟಲ್ಲಿ) ನೋಡಿ, ಪಿಪಿಪಿಒಇಯಲ್ಲಿ ಅದು 1500 ಅಲ್ಲ, 1492. ‘ಪಿಂಗ್ ಹೈಫನ್ ಎಂ ಡೂ ಹೈಫನ್ ಎಸ್ 1464 8.8.8.8’ (ಎಂ ಮಾತ್ರ ಕ್ಯಾಪಿಟಲ್) ಹೋಗಿ 1472 ಹೋಗ್ಲಿಲ್ಲ ಅಂದ್ರೆ ಕನೆಕ್ಷನ್ ಸೆಟ್ಟಿಂಗಲ್ಲಿ ಎಂಟಿಯು 1492 ಅಂತ ಹಾಕಿ.

ಬಂದು ಬಂದು ಹೋಗೋ ನೆಟ್ಟಿಗೆ ಮಾತ್ರ ತಾಳ್ಮೆ ಬೇಕು. ‘ಸುಡೊ ಡಿಮೆಸೇಜ್ ಹೈಫನ್ ಡಬ್ಲ್ಯೂ’ ಹೊಡೆದು ಬಿಟ್ಟು ಕೇಬಲನ್ನ ಎರಡೂ ತುದೀಲಿ ಮೆಲ್ಲಗೆ ಅಲ್ಲಾಡಿಸಿ, ಅಲ್ಲಾಡಿಸಿದಾಗೆಲ್ಲ ‘ಲಿಂಕ್ ಈಸ್ ಡೌನ್’ ಬಂದ್ರೆ ಕನೆಕ್ಟರೇ ಕಳ್ಳ. ಅಲ್ಲಾಡಿಸ್ದೇನೂ ಬರ್ತಿದ್ರೆ, ‘ಸುಡೊ ಇತ್‌ಟೂಲ್ ಹೈಫನ್ ಹೈಫನ್ ಸೆಟ್ ಹೈಫನ್ ಇಇಇ’ ಅಂತ ಹೊಡೆದು (ಇತ್ ಅಂದ್ರೆ ಇ, ಟಿ, ಎಚ್) ಕಾರ್ಡಿನ ಹೆಸರು, ಆಮೇಲೆ ‘ಇಇಇ ಆಫ್’ ಕೊಟ್ಟು ಕರೆಂಟ್ ಉಳಿಸೋ ಫೀಚರ್ ಆಫ್ ಮಾಡಿ ಒಂದಿನ ಗಮನಿಸಿ.

ಗುಡುಗು ಸಿಡಿಲಿನ ಮಳೆ ಆದ ಮರುದಿನ ನೆಟ್ ಸತ್ತಿದ್ರೆ, ಅದ್ರಲ್ಲೂ ಕಂಬದಿಂದ ಅಥವಾ ಪಕ್ಕದ ಬಿಲ್ಡಿಂಗಿಂದ ತಾಮ್ರದ ಲ್ಯಾನ್ ವೈರ್ ಬಂದಿದ್ರೆ, ಪೋರ್ಟೇ ಸುಟ್ಟಿರೋ ಚಾನ್ಸ್ ಜಾಸ್ತಿ. ಬೇರೆ ಲ್ಯಾಪ್‌ಟಾಪಿಗೆ ಅದೇ ಕೇಬಲ್ ಹಾಕಿದ್ರೆ ನೆಟ್ ಬರತ್ತೆ, ನಿಮ್ಮದರಲ್ಲಿ ಲೈಟೇ ಇಲ್ಲ. ಮದರ್‌ಬೋರ್ಡ್ ಬದಲಾಯಿಸೋ ಖರ್ಚು ಬೇಡ, ಯುಎಸ್‌ಬಿ 3ರ ಗಿಗಾಬಿಟ್ ಲ್ಯಾನ್ ಅಡಾಪ್ಟರ್ ತಗೊಳ್ಳಿ, ರಿಯಲ್‌ಟೆಕ್ ಆರ್‌ಟಿಎಲ್8153 ಚಿಪ್ ಇರೋದು ಕೇಳಿ, ಅದರ ಡ್ರೈವರ್ ಕರ್ನಲ್ಲಲ್ಲೇ ಇದೆ. ಹಾಕಿದ ತಕ್ಷಣ ಇಎನ್‌ಎಕ್ಸ್ ಅಂತ ಶುರುವಾಗೋ ಉದ್ದ ಹೆಸರಲ್ಲಿ ಕಾಣ್ಸತ್ತೆ, ಆ ಇಎನ್‌ಎಕ್ಸ್ ಆದ್ಮೇಲೆ ಬರೋದೇ ಅದರ ಮ್ಯಾಕ್ ಅಡ್ರೆಸ್, ಆಪರೇಟರ್ ಮ್ಯಾಕ್ ಕೇಳಿದ್ರೆ ಅದನ್ನೇ ಓದಿ ಹೇಳಿ.